ಗೋಲ್‌ಕೀಪರಳ ಅವ್ವ ಹುಕ್ಕೇರಿಗೆ ಹೋದದ್ದು

ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೋಡೆಗೆ ಒಂದು ಮೊಳೆ. ಆ ಮೊಳೆಗೆ ಒಂದು ಜೊತೆ ಹಸಿರು ಕೈಗವಸು ನೇತಾಡುತ್ತವೆ. ಸಣ್ಣಪುಟ್ಟವಲ್ಲ, ಒಂದೊಂದು ಬೆರಳೂ ಎಳೆ ಸೌತೆಕಾಯಿಯಷ್ಟು ದಪ್ಪ. ಹಾಲು ಉಕ್ಕಿ ಬಂತೆಂದರೆ ನಮ್ಮತ್ತೆ ಅವನ್ನು ಎರಡೂ ಕೈಗೆ ಏರಿಸಿಕೊಂಡು, ಕುಸ್ತಿಗೆ ಇಳಿಯುವವರ ಹಾಗೆ ಒಂದು ಸಲ ಚಪ್ಪಾಳೆ ತಟ್ಟಿ, ಪಾತೇಲಿ ಇಳಿಸುತ್ತಾರೆ. ಮನೆಯಲ್ಲಿ ಇಕ್ಕಳ ಇಲ್ಲವೆಂದಲ್ಲ. ಅದು ಈಗ ಅವರ ಕೈಗೆ ರುಚಿಸುವುದಿಲ್ಲ.

ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು ಅವನ್ನು ನೋಡಿ, “ಜೇನು ಬಿಡಸ್ತೀರೇನ್ರಿ ಆಯಿ?” ಎಂದು ಕೇಳಿದ.

“ಇಲ್ಲಪಾ, ನಮ್ಮ ಮೊಮ್ಮಗಳ ಫುಟ್‌ಬಾಲಿನವು,” ಅಂದರು ಅತ್ತೆ.

“ಫುಟ್‌ಬಾಲ್ ಕಾಲಿಲೆ ಆಡ್ತಾರಲ್ರಿ?”

“ಹೂಂ, ಆಡೋರು ಕಾಲಿಲೆ ಆಡ್ತಾರ. ಈಕಿ ಆಡಂಗಿಲ್ಲ, ನಿಂದರ್ತಾಳ.”

ಅವನು ಸಿಲಿಂಡರ್ ಇಳಿಸಿ, ಖಾಲಿಯದನ್ನು ಹೆಗಲಿಗೇರಿಸಿ, ತಲೆ ಕೆರೆದುಕೊಳ್ಳುತ್ತ ಹೋದ. ಅವನಿಗೆ ಬಿಡಿಸಿ ಹೇಳಲು ಆಗಲಿಲ್ಲ. ನಿಮಗೆ ಹೇಳುತ್ತೇನೆ. ಕಲ್ಲೋಳಿಯಲ್ಲಿ ಬೆಳಗಿನಿಂದ ಕರೆಂಟಿಲ್ಲ, ಗಿರಣಿ ನಿಂತಿದೆ, ನನಗೂ ಬೇರೆ ಕೆಲಸವಿಲ್ಲ.

ಹೌದು, ನಮ್ಮದು ಹಿಟ್ಟಿನ ಗಿರಣಿ. ಮದುವೆಯಾಗಿ ಬಂದಾಗ ನನ್ನ ದನಿ ಎಷ್ಟು ಮೆತ್ತಗಿತ್ತೆಂದರೆ ನಾನು ಸಿಟ್ಟು ಮಾಡಿಕೊಂಡಿದ್ದು ಯಜಮಾನರಿಗೆ ಎರಡು ದಿನ ಬಿಟ್ಟು ತಿಳಿಯುತ್ತಿತ್ತು. ಗಿರಣಿಯ ಸದ್ದಿನ ಮೇಲೆ ಹದಿನೈದು ವರ್ಷ ಮಾತಾಡಿದ ಮೇಲೆ ಈಗ ನಾನು “ಎಷ್ಟು ಸೇರು?” ಎಂದು ಕೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಕೂತವರು ಉತ್ತರ ಕೊಡುತ್ತಾರೆ. ಇದನ್ನು ನಾನು ಹೆಮ್ಮೆಗೆ ಹೇಳುತ್ತಿಲ್ಲ. ಹುಕ್ಕೇರಿಯಲ್ಲಿ ಮುಂದೆ ಆದ ಫಜೀತಿಯಲ್ಲಿ ಅರ್ಧ ಪಾಲು ಈ ದನಿಯದು.

ನನ್ನ ಮಗಳು ನೀಲಾ ಒಂಬತ್ತನೇ ಇಯತ್ತೆಯಲ್ಲಿದ್ದಳು. ಉದ್ದಕ್ಕೆ ಬೆಳೆದ ಹುಡುಗಿ, ಓಡುವುದೆಂದರೆ ಆಗದು. ಊಟಕ್ಕೆ ಕರೆದರೂ ನಡೆದೇ ಬರುತ್ತಾಳೆ. ಆ ವರ್ಷ ಅವರ ಸಾಲಿಗೆ ಹೊಸ ಪಿ.ಟಿ. ಸರ್ ಬಂದು ಹುಡುಗಿಯರ ಫುಟ್‌ಬಾಲ್ ತಂಡವನ್ನು ಮತ್ತೆ ಹೊಸದಾಗಿ ಕಟ್ಟಿದರು. ಇವಳು ಕೈಕಟ್ಟಿ ನಿಂತು, “ಓಡೂದು ನನಗ ಬ್ಯಾಡ್ರಿ ಸರ್,” ಅಂದಳಂತೆ. ಸರ್ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಹಂಗಾರ ಗೋಲಿನ್ಯಾಗ ನಿಂದ್ರು,” ಅಂದರಂತೆ. ಹೀಗೆ ನಮ್ಮ ಮನೆತನಕ್ಕೆ ಆಟ ಕಾಲಿಟ್ಟಿತು.

ಅಲ್ಲಿಯವರೆಗೆ ನಮ್ಮ ಮನೆತನದಲ್ಲಿ ಆಡಿದವರು ಯಾರೂ ಇರಲಿಲ್ಲ. ನಾನು ಘೋಡಗೇರಿಯ ಸಾಲಿಯಲ್ಲಿದ್ದಾಗ ಖೊ-ಖೊ ಆಡಲು ಹೋಗುತ್ತಿದ್ದೆ. ಹೋಗುತ್ತಿದ್ದೆ ಅಷ್ಟೇ. ಎರಡು ಗುಂಪಾಗಿ ಹಂಚಿಕೊಂಡ ಮೇಲೆ ಯಾವಾಗಲೂ ನಾನೊಬ್ಬಳು ಉಳಿಯುತ್ತಿದ್ದೆ. “ನೀ ಚಪ್ಲಿ ಕಾಯಿ,” ಅನ್ನುತ್ತಿದ್ದರು. ಮೂರು ವರ್ಷ ಕಾಯ್ದೆ. ಯಾವ ಚಪ್ಪಲಿ ಯಾರದು, ಯಾರ ಹಿಮ್ಮಡಿ ಎಷ್ಟು ಸವೆದಿದೆ ಎಂಬುದೆಲ್ಲ ನನಗೆ ಬಾಯಿಪಾಠ. ಒಮ್ಮೆ ಒಂದು ನಾಯಿ ಬಂದು ಹೆಡ್‌ಮಾಸ್ತರರ ಮಗಳ ಎಡಗಾಲಿನ ಚಪ್ಪಲಿ ಕಚ್ಚಿಕೊಂಡು ಓಡಿತು. ನಾನು ಹಳ್ಳದವರೆಗೆ ಬೆನ್ನಟ್ಟಿ ಹೋಗಿ ಕಸಿದು ತಂದೆ. ತಂದು ನೋಡಿದರೆ ಎಲ್ಲರೂ ಆಟ ಮುಗಿಸಿ ಮನೆಗೆ ಹೋಗಿದ್ದರು. ನನ್ನ ಆಟದ ಜೀವನದಲ್ಲಿ ನಾನು ಓಡಿದ್ದು ಅದೊಂದೇ ಸಲ, ಅದನ್ನೂ ಯಾರೂ ನೋಡಲಿಲ್ಲ.

ಹಾಗಾಗಿ ಮಗಳು ತಂಡದಲ್ಲಿದ್ದಾಳೆ, ಅದೂ ಹುಕ್ಕೇರಿಗೆ ಹೋಗಿ ಅಲ್ಲಿಯ ಹೈಸ್ಕೂಲಿನ ತಂಡದ ಜೊತೆ ಆಡುತ್ತಾಳೆ ಎಂದು ತಿಳಿದಾಗ ನನಗೆ ನೆಲ ಕಾಣಲಿಲ್ಲ. ಹಿಂದಿನ ವರ್ಷ ಅದೇ ಹುಕ್ಕೇರಿಯವರು ನಮ್ಮೂರಿಗೇ ಬಂದು ಮೂರು ಗೋಲು ಹೊಡೆದು, ನಮ್ಮ ನೀರು ಕುಡಿದು, ನಗುನಗುತ್ತ ಹೋಗಿದ್ದರು. ಆಗ ನೀಲಾ ತಂಡದಲ್ಲಿರಲಿಲ್ಲ. ಈಗ ಇದ್ದಾಳಲ್ಲ! ಗಿರಣಿಗೆ ಬಂದವರಿಗೆಲ್ಲ ಹೇಳಿದೆ. ನನ್ನ ದನಿಗೆ, ಬಾರದವರಿಗೂ ಹೇಳಿದಂತಾಯಿತು. ಸಾಲದ್ದಕ್ಕೆ ಘೋಡಗೇರಿಯ ನಮ್ಮಣ್ಣನಿಗೆ ಫೋನು ಹಚ್ಚಿದೆ.

“ಅಣ್ಣಾ, ನಿನ್ನ ಸೊಸಿ ಹುಕ್ಕೇರಿಗೆ ಆಡಾಕ ಬರಾಕತ್ತಾಳ. ಎಲ್ಲಾ ಆಕಿ ಮ್ಯಾಲ ನಿಂತೈತಿ. ಹನ್ನೊಂದು ಮಂದಿ ಕೂಡಿ ಹೊಡದ್ರೂ ಒಂದು ಚೆಂಡು ಒಳಗ ಬಿಡಂಗಿಲ್ಲಂತ ಅವರ ಸರ್ ಹೇಳ್ಯಾರ.”

ಸರ್ ಹಾಗೆ ಹೇಳಿರಲಿಲ್ಲ. “ಹುಡುಗಿ ಉದ್ದ ಅದಾಳ್ರಿ,” ಎಂದಷ್ಟೇ ಹೇಳಿದ್ದರು.

ಅಣ್ಣ ಪೇಚಿಗೆ ಬಿದ್ದ. ಘೋಡಗೇರಿ ಇರುವುದು ಹುಕ್ಕೇರಿ ತಾಲ್ಲೂಕಿನಲ್ಲಿ. “ತಂಗೀ, ನಮ್ಮ ರೇಷನ್ ಕಾರ್ಡು ಹುಕ್ಕೇರಿದು, ಸೊಸಿ ಕಲ್ಲೋಳಿಯಾಕಿ. ಯಾರ ಕಡಿ ಒದರೂದು?” ಎಂದು ಕೇಳಿದ. “ರೇಷನ್ ಕಾರ್ಡು ನಿನಗ ಮಾಮಾ ಅಂತೈತೇನು?” ಅಂದೆ. ಅದು ಅವನಿಗೆ ನಾಟಿತು.

ತಂಡ ಸರ್ ಜೊತೆ ಮುಂಜಾನೆಯ ಬಸ್ಸಿಗೆ ಹೋಯಿತು. ಯಜಮಾನರು ಗಿರಣಿ ನೋಡಿಕೊಳ್ಳಲು ಉಳಿದರು. ನಾನು, ಅತ್ತೆ ಮತ್ತು ಓಣಿಯ ನಾಲ್ಕು ಹೆಂಗಸರು ಬಾಡಿಗೆ ಕ್ರೂಸರಿನಲ್ಲಿ ಹೊರಟೆವು. ಅತ್ತೆ ಇಪ್ಪತ್ತೆಂಟು ಧಪಾಟಿ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿ, ಗೋಕಾಕದಲ್ಲಿ ಗಾಡಿ ನಿಲ್ಲಿಸಿ ಕರದಂಟನ್ನೂ ಕೊಂಡರು. ಆಟದ ವಿಷಯ ಅವರಿಗೆ ಗೊತ್ತಿದ್ದದ್ದು ಇಷ್ಟೇ: ಆಡಿದ ಮಕ್ಕಳಿಗೆ ಹಸಿವಾಗುತ್ತದೆ. ಘೋಡಗೇರಿಯಲ್ಲಿ ಅಣ್ಣ ರಸ್ತೆಗೇ ಬಂದು ನಿಂತಿದ್ದ, ಹಿಂದೆ ಮನೆಯ ಐದು ಮಂದಿ, ಕೈಯಲ್ಲಿ ಮೊಳಕಾಲಿನವರೆಗೆ ಇಳಿಯುವ ಚೆಂಡುಹೂವಿನ ಮಾಲೆ.

ಹುಕ್ಕೇರಿಯ ಹೈಸ್ಕೂಲಿನ ಮೈದಾನದಲ್ಲಿ ನೀಲಾ ನಿಂತ ಗೋಲಿನ ಹಿಂದೆಯೇ ಜಮಖಾನೆ ಹಾಸಿ ಕೂತೆವು. ಅವಳಿಗೆ ಹತ್ತಿರ ಇರಬೇಕಲ್ಲ. ಹಸಿರು ಕೈಗವಸು ತೊಟ್ಟು ನಿಂತ ಮಗಳನ್ನು ನೋಡಿ ನನ್ನ ಕಣ್ಣು ಒದ್ದೆಯಾದವು. ಸೀಟಿ ಊದಿದರು.

ಊದಿ ಮೂರು ನಿಮಿಷವಾಗಿರಲಿಲ್ಲ, ಮೈದಾನದ ಆ ತುದಿಯಲ್ಲಿ ನಮ್ಮ ಹುಡುಗಿಯರು ಕೇಕೆ ಹಾಕಿದರು. ಗೋಲು! ಕಸ್ತೂರಿ ಎಂಬ ಕಡ್ಡಿಯಂಥ ಹುಡುಗಿ ಹೊಡೆದಿದ್ದಳು. ಅಣ್ಣ ತಡೆಯಲಾರದೆ ಮಾಲೆ ಹಿಡಿದು ಒಳಗೆ ನುಗ್ಗಿ ನೀಲಾಳ ಕೊರಳಿಗೆ ಹಾಕಲು ಹೋದ.

“ಮಾಮಾ, ನಾ ಅಲ್ಲ ಹೊಡದದ್ದು!”

“ಮತ್ಯಾರು?”

“ಅಲ್ಲಿ ಆಕಿ.”

ಆಕೆ ಬಹಳ ದೂರದಲ್ಲಿದ್ದಳು. ಅಣ್ಣ ಸ್ವಲ್ಪ ಹೊತ್ತು ಯೋಚಿಸಿ ಮಾಲೆಯನ್ನು ಗೋಲಿನ ಹಿಂದಿನ ಬಲೆಗೆ ಕಟ್ಟಿ ಬಂದು ಕೂತ.

ಹತ್ತು ನಿಮಿಷಕ್ಕೆ ಎರಡನೆಯದು. ಅದಾದ ಮೇಲೆ ಮೂರನೆಯದು. ಎಲ್ಲವೂ ಆ ತುದಿಯಲ್ಲಿ. ನಮಗೆ ಕಾಣುತ್ತಿದ್ದದ್ದು ದೂರದ ಧೂಳು, ಧೂಳಿನೊಳಗೆ ಒಂದಷ್ಟು ಕಾಲು. ನಮ್ಮ ಈ ತುದಿಯಲ್ಲಿ ನೀಲಾ ಒಬ್ಬಳೇ. ಮೊದಲು ಮೊಳಕಾಲು ಬಗ್ಗಿಸಿ, ಕೈ ಚಾಚಿ, ಹುಲಿಯಂತೆ ನಿಂತಿದ್ದಳು. ಆಮೇಲೆ ನೆಟ್ಟಗೆ ನಿಂತಳು. ಆಮೇಲೆ ಕಂಬಕ್ಕೆ ಒರಗಿ ನಿಂತಳು. ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಳು. ಆ ದಪ್ಪ ಕೈಗವಸು ಬಿಚ್ಚಿ ಹೆಣೆಯಬೇಕಾಯಿತು, ಹೆಣೆದು ಮತ್ತೆ ತೊಡಬೇಕಾಯಿತು, ಎಲ್ಲಕ್ಕೂ ಸಮಯವಿತ್ತು.

ಅಣ್ಣ ನನ್ನ ಕಿವಿಯ ಹತ್ತಿರ ಬಗ್ಗಿದ. “ತಂಗೀ, ಹುಡುಗಿ ಆಟಕ್ಕ ಬಂದಾಳೋ, ಹೊಲ ಕಾಯಾಕ ಬಂದಾಳೋ?”

ಗೆಲ್ಲುತ್ತಿದ್ದವರು ನಾವೇ. ಅದೂ ಪರವೂರಿನಲ್ಲಿ, ಹಿಂದಿನ ವರ್ಷದ ಸೇಡು ತೀರಿಸಿಕೊಂಡು. ನಮ್ಮ ಓಣಿಯ ಹೆಂಗಸರು ಕುಣಿಯುತ್ತಿದ್ದರು. ಅವರ ನಡುವೆ ಹೊಟ್ಟೆ ಉರಿದುಕೊಂಡು ಕೂತಿದ್ದವಳು ನಾನೊಬ್ಬಳೇ.

ಅಷ್ಟರಲ್ಲಿ ಅತ್ತೆ ಜಮಖಾನೆಯ ಮೇಲೆ ಇಲ್ಲ. ನೋಡಿದರೆ ಗೋಲಿನ ಒಳಗಿದ್ದಾರೆ! ಚಟ್ನಿ ಸವರಿ ಸುರುಳಿ ಸುತ್ತಿದ ಧಪಾಟಿಯನ್ನು ಮೊಮ್ಮಗಳ ಬಾಯಿಗೆ ಇಡುತ್ತಿದ್ದಾರೆ. ಕೈಗವಸು ಇದ್ದುದರಿಂದ ನೀಲಾಳಿಗೆ ಹಿಡಿದು ತಿನ್ನಲು ಬರುತ್ತಿರಲಿಲ್ಲ. ಬಾಯಿ ತೆರೆದು ನಿಂತಿದ್ದಳು. ರೆಫರಿ ಮೈದಾನದ ಆ ತುದಿಯಿಂದ ಸೀಟಿ ಊದುತ್ತಲೇ ಓಡಿಬಂದರು.

“ಆಯಿ, ಆಟದಾಗ ತಿನ್ನಂಗಿಲ್ಲರಿ!”

“ಆಕಿ ಆಟದಾಗ ಎಲ್ಲಿ ಅದಾಳೋ ಯಪ್ಪಾ? ಆಟ ಅಲ್ಲಿ ನಡದೈತಿ,” ಅತ್ತೆ ಬೆರಳು ತೋರಿಸಿದರು.

ರೆಫರಿ ಜೇಬಿನಿಂದ ಹಳದಿ ಕಾರ್ಡು ತೆಗೆದು ನೀಲಾಳ ಮುಂದೆ ಎತ್ತಿ ಹಿಡಿದರು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಚಾಚಿದರು. “ಇಲ್ಲೆ ಕೊಡು, ನಾ ಇಟ್ಕೋತೀನಿ. ಆಕಿ ಏನ ಕೊಟ್ಟರೂ ಕಳಕೋತಾಳ.”

ಆ ರೆಫರಿ ಒಳ್ಳೆಯ ಮನುಷ್ಯ. ಕಾರ್ಡನ್ನು ಜೇಬಿಗಿಟ್ಟುಕೊಂಡು, ಮುಖ ಆ ಕಡೆ ತಿರುಗಿಸಿ, ಭುಜ ಕುಣಿಸುತ್ತ ಓಡಿಹೋದರು. ನಕ್ಕರೋ ಅತ್ತರೋ ಹಿಂದಿನಿಂದ ಗೊತ್ತಾಗಲಿಲ್ಲ.

ಅರ್ಧ ಆಟ ಮುಗಿದಾಗ ನಾಲ್ಕು ಗೋಲು. ಸರ್ ಎಲ್ಲ ಹುಡುಗಿಯರ ಬೆನ್ನು ತಟ್ಟಿದರು. ಬೆವರಿಳಿಯುವ ಬೆನ್ನುಗಳ ನಡುವೆ ಒಣಗಿದ ಬೆನ್ನು ಒಂದೇ. ನೀಲಾ ನನ್ನ ಹತ್ತಿರ ಬಂದು ನೀರಿನ ಬಾಟಲಿ ಹಿಡಿದಳು, ಕುಡಿಯಲಿಲ್ಲ.

“ನನ್ನ ಯಾಕ ಕರಕೊಂಡ ಬಂದಾರವ್ವಾ? ನಾ ಇಲ್ಲದಿದ್ರೂ ಗೆಲ್ಲತಿದ್ರು.”

“ಹಂಗ ಅನಬ್ಯಾಡವ್ವಾ. ನೀ ಅದೀ ಅಂತನ ಅವರು ಈ ಕಡಿ ಬರವಲ್ರು.”

“ಖರೇನ?” ಎಂದು ಕೇಳಿದಳು. ಖರೆಯಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅರ್ಧ ಆಟದ ನಂತರ ಎರಡೂ ತಂಡ ಕಡೆ ಬದಲಿಸುತ್ತವೆ ಎಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ. ನೋಡನೋಡುತ್ತಿದ್ದಂತೆ ನೀಲಾ ಆ ತುದಿಗೆ ನಡೆದುಹೋದಳು. ನಮ್ಮ ಜಮಖಾನೆಯ ಮುಂದೆ ಹುಕ್ಕೇರಿಯ ಗೋಲ್‌ಕೀಪರ್ ಬಂದು ನಿಂತಳು. ಸಣ್ಣ ಹುಡುಗಿ, ಸವಿತಾ ಅಂತ ಹೆಸರು, ಅತ್ತು ಅತ್ತು ಮೂಗು ಕೆಂಪಾಗಿತ್ತು. ಅಣ್ಣ ಮಾಲೆ ಬಿಚ್ಚಿಕೊಳ್ಳಲು ಹೋದರೆ, “ಇರಲಿ ಬಿಡ್ರಿ ಮಾಮಾರ, ಏನಾರ ಒಳ್ಳೇದ ಆದೀತು,” ಅಂದಳು. ಅಣ್ಣ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ ಬಂದ.

ಅತ್ತೆಗೆ ಅಷ್ಟು ಸಾಕಾಯಿತು. “ಯವ್ವಾ ನನ ಕೂಸ, ಅಳಬ್ಯಾಡ. ಏನಾರ ತಿಂದೀಯೇನ?” ಎನ್ನುತ್ತ ಅವಳ ಪಕ್ಷ ಸೇರಿಬಿಟ್ಟರು. ಐದನೇ ಗೋಲು ಬಿದ್ದಾಗ ನಮ್ಮ ಕಸ್ತೂರಿಗೇ ಬೈದರು: “ಸಾಕ ಮಾಡು! ಎಷ್ಟ ಹೊಡೀತಿ ಆ ಕೂಸಿಗಿ?” ಕಸ್ತೂರಿ ಗಾಬರಿಯಾಗಿ ಕೈ ಮುಗಿದು ಹಿಂದೆ ಸರಿದಳು.

ನನಗೆ ಅಲ್ಲಿ ಕೂರಲಾಗಲಿಲ್ಲ. ಮೈದಾನ ಸುತ್ತಿ ನೀಲಾಳ ತುದಿಗೆ ಹೋದೆ. ಅಲ್ಲೊಬ್ಬ ಹೆಂಗಸು ಬೇವಿನ ಗಿಡದ ಕೆಳಗೆ ಆಟಕ್ಕೆ ಬೆನ್ನು ಮಾಡಿ ಕೂತು ಮೆಂತೆಸೊಪ್ಪು ಬಿಡಿಸಿ ಸೋಸುತ್ತಿದ್ದಳು. ಅಷ್ಟು ಗದ್ದಲದಲ್ಲಿ ಒಮ್ಮೆಯೂ ತಿರುಗಿ ನೋಡದ ಅವಳನ್ನು ಕಂಡು ನನಗೆ ಸೋಜಿಗವಾಯಿತು.

“ಆಟ ನೋಡಂಗಿಲ್ಲೇನ್ರಿ?”

“ನೋಡಲಾರದಕ್ಕನ ಇಲ್ಲಿ ಬಂದ ಕುಂತೀನ್ರಿ. ಅಲ್ಲಿ ನಿಂತಾಕಿ ನನ ಮಗಳು ಸವಿತಾ. ಎಷ್ಟಾದ್ವು?”

“ಐದು.”

“ಅಯ್ಯ ಶಿವನ!” ಎಂದು ಒಂದು ಕಟ್ಟು ಮೆಂತೆಯ ಕುತ್ತಿಗೆ ಮುರಿದಳು. “ನಿಮ್ಮಾಕಿ ಯಾರು?”

“ಇಲ್ಲೆ ನಿಂತಾಳಲ್ರಿ, ಈಕಿ.”

ಅವಳು ಆಗ ತಿರುಗಿ ನೋಡಿದಳು. ನೀಲಾ ಕಂಬಕ್ಕೆ ಒರಗಿ ಒಂದು ಚಿಟ್ಟೆಯನ್ನು ನೋಡುತ್ತಿದ್ದಳು. “ನಿಮ್ಮಾಕಿಗಿ ಕೆಲಸಿಲ್ಲ, ನಮ್ಮಾಕಿಗಿ ಉಸರಿಲ್ಲ,” ಅಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ಅವಳು ನಕ್ಕಳು. ಆಮೇಲೆ ನಾನು ನಕ್ಕೆ. ಆಮೇಲೆ ನಾನೂ ಒಂದು ಕಟ್ಟು ಮೆಂತೆ ಎತ್ತಿಕೊಂಡು ಕೂತೆ.

ಅವಳ ಹೆಸರು ಶಾಂತಕ್ಕ. ಹುಕ್ಕೇರಿಯ ಸಂತೆಯಲ್ಲಿ ಬಳೆ ಮಾರುತ್ತಾಳೆ. ಮಗಳಿಗೆ ರಾತ್ರಿಯೆಲ್ಲ ಎಲೆಕೋಸು ಎಸೆದು ಹಿಡಿಯುವ ಅಭ್ಯಾಸ ಮಾಡಿಸಿದ್ದಾಳಂತೆ. ನಾನು ಈರುಳ್ಳಿ ಎಸೆದಿದ್ದೆ. ಯಾವುದು ಒಳ್ಳೆಯದು ಎಂದು ಸ್ವಲ್ಪ ಹೊತ್ತು ಮಾತಾಡಿದೆವು. ಆರನೇ ಗೋಲು ಆ ನಡುವೆ ಆಯಿತು. ಏಳನೆಯದು ಆದಾಗ ಶಾಂತಕ್ಕ ಮೆಂತೆಯ ಬುಟ್ಟಿ ಬದಿಗಿಟ್ಟಳು.

“ನಮ್ಮ ಹುಡುಗ್ಯಾರು ಒಮ್ಮಿ, ಒಂದಽ ಒಮ್ಮಿ ಈ ಕಡಿ ಬಂದ್ರ ಸಾಕ್ರಿ ಅಕ್ಕಾರ. ಸವಿತಾ ಒಂದ ನಿಮಿಷ ಕಣ್ಣೀರ ಒರಸಿಕೊಂತಾಳ.”

“ಬರಬೇಕ್ರಿ. ಬರಾಕಽ ಬೇಕು. ನಮ್ಮಾಕಿ ಒಂದ ಚೆಂಡ ಮುಟ್ಟಬೇಕು.”

ಅಷ್ಟು ಹೇಳಿ ನಾನು ಎದ್ದು ನಿಂತೆ. ಏನು ಬಂತೋ ಮೈಯಲ್ಲಿ, ಗಿರಣಿ ಪೂರ್ತಿ ಜೋರಿನಲ್ಲಿ ತಿರುಗುವಾಗ ಕೂಗುವ ದನಿಯಲ್ಲಿ ಕೂಗಿದೆ: “ಹುಕ್ಕೇರೀ! ಬರ್ರೇ ಈ ಕಡೀ! ಹೊಡೀರೇ ಹುಕ್ಕೇರೀ!”

ನಮ್ಮ ಓಣಿಯ ಹೆಂಗಸರು ಕುಣಿಯುವುದನ್ನು ನಿಲ್ಲಿಸಿದರು. ನೀಲಾ ಚಿಟ್ಟೆ ಬಿಟ್ಟು ನನ್ನನ್ನು ನೋಡಿದಳು. ಪಿ.ಟಿ. ಸರ್ ಗೆರೆಯ ಗುಂಟ ಓಡಿಬಂದರು.

“ಅಕ್ಕಾರ, ನೀವು ಯಾರ ಕಡಿಯವರ್ರಿ?”

“ಏಳ ಅದಾವಲ್ರಿ ಸರ್! ಒಂದಽ ಒಂದ ಸಲ ಬರಲಿ ಬಿಡ್ರಿ, ಕೈ ಮುಗೀತೀನಿ.”

ಸರ್ ನೀಲಾಳ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅವರಿಗೂ ಅರ್ಥವಾಯಿತೆಂದು ಕಾಣುತ್ತದೆ. “ನನ್ನ ಕಿವಿಗಿ ಬಿದ್ದಿಲ್ಲ,” ಎಂದು ಹೇಳಿ ಹೋದರು. ಆ ತುದಿಯಿಂದ ಅತ್ತೆಯ ಕೀರಲು ದನಿ ಕೇಳಿಸಿತು: “ಹೋಗ್ರೇ ಹುಕ್ಕೇರೀ!” ಅದರ ಹಿಂದೆಯೇ ರೇಷನ್ ಕಾರ್ಡು ನೆನಪಾಗಿ ಅಣ್ಣನೂ ಶುರು ಮಾಡಿದ. ಹುಕ್ಕೇರಿಯವರು ತಮ್ಮ ತಂಡಕ್ಕೆ ಕೂಗುವುದನ್ನು ಬಿಟ್ಟು ಬಹಳ ಹೊತ್ತಾಗಿತ್ತು. ಗೆಲ್ಲುತ್ತಿರುವವರೇ ತಮಗಾಗಿ ಕೂಗುವುದನ್ನು ಕಂಡು ನಾಚಿಕೆಯಾಗಿ ಅವರೂ ದನಿಗೂಡಿಸಿದರು. ಮೈದಾನದಲ್ಲಿ ಕಲ್ಲೋಳಿಯ ಕಡೆಯವರು ಒಬ್ಬರೂ ಉಳಿಯಲಿಲ್ಲ.

ಆಗ ಬಂತು. ಹುಕ್ಕೇರಿಯ ಎರಡು ಜಡೆಯ ಗಟ್ಟಿಮುಟ್ಟಾದ ಹುಡುಗಿಯೊಬ್ಬಳು ಚೆಂಡು ಕಸಿದುಕೊಂಡವಳೇ ನೆಟ್ಟಗೆ ನಮ್ಮ ಕಡೆಗೆ ಹೊರಟಳು. ನಮ್ಮ ಹುಡುಗಿಯರೆಲ್ಲ ಆ ತುದಿಯಲ್ಲಿ ಎಂಟನೇ ಗೋಲಿಗೆ ಕಾಯುತ್ತಿದ್ದರು. ಅವಳಿಗೂ ನೀಲಾಳಿಗೂ ನಡುವೆ ಹುಲ್ಲು ಬಿಟ್ಟರೆ ಬೇರೇನಿಲ್ಲ.

“ಬಂತು, ಬಂತು!” ಎಂದು ನಾನೂ ಶಾಂತಕ್ಕನೂ ಕೈ ಕೈ ಹಿಡಿದುಕೊಂಡೆವು. ಚೆಂಡು ಹತ್ತಿರ ಬಂದಂತೆ ಒಂದು ವಿಷಯ ಹೊಳೆಯಿತು: ಇಲ್ಲಿಯವರೆಗೆ ಇಬ್ಬರ ಬೇಡಿಕೆಯೂ ಒಂದೇ, ಇನ್ನು ಮುಂದೆ ಒಂದಲ್ಲ. ಚೆಂಡು ಒಳಗೆ ಹೋಗಲಿ ಎಂದು ಅವಳು. ಹೋಗದಿರಲಿ ಎಂದು ನಾನು. ಅವಳಿಗೂ ಅದು ಅದೇ ಗಳಿಗೆಯಲ್ಲಿ ಹೊಳೆದಿರಬೇಕು. ನನ್ನ ಕೈ ಬಿಡಲಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿದಳು, ನನ್ನ ಎರಡು ಬಳೆ ಒಡೆದವು. ಆ ಹುಡುಗಿ ಕಾಲು ಎತ್ತಿದ್ದು ಕಂಡಿತು.

ನಾನು ಕಣ್ಣು ಮುಚ್ಚಿಕೊಂಡೆ.

ಧಪ್ ಎಂದು ಸದ್ದಾಯಿತು. ಆಮೇಲೆ ಇಡೀ ಮೈದಾನ ಕೂಗಿಕೊಂಡಿತು.

“ಏನಾತ್ರಿ?” ಎಂದು ಶಾಂತಕ್ಕ ಕೇಳಿದಳು. ಅವಳ ಕಣ್ಣೂ ಮುಚ್ಚಿದ್ದವು.

“ಗೊತ್ತಿಲ್ರಿ. ನೀವು ನೋಡ್ರಿ.”

“ನೀವಽ ನೋಡ್ರಿ.”

ಕಣ್ಣು ಬಿಟ್ಟಾಗ ನೀಲಾ ನೆಲದ ಮೇಲೆ ಚೆಂಡನ್ನು ಅವುಚಿಕೊಂಡು ಮಲಗಿದ್ದಳು. ಗೋಲಿನ ಗೆರೆಯಿಂದ ಒಂದು ಗೇಣು ಹೊರಗೆ. ನಮ್ಮ ಹುಡುಗಿಯರು ಓಡಿಬಂದು ಅವಳ ಮೇಲೆ ಬಿದ್ದರು. ಏಳು ಗೋಲಿಗೆ ಹಾಕದಷ್ಟು ಕೇಕೆಯನ್ನು ಆ ಒಂದು ಚೆಂಡಿಗೆ ಹಾಕಿದರು. ರೆಫರಿ ಕೊನೆಯ ಸೀಟಿ ಊದಿದ್ದು ಯಾರಿಗೂ ಕೇಳಿಸಲಿಲ್ಲ. ಹದಿನೈದು ದಿನದಿಂದ ಊರಿಗೆಲ್ಲ ಸಾರಿ, ಎರಡು ಊರಿನ ಮಂದಿಯನ್ನು ಕಟ್ಟಿಕೊಂಡು, ಏನನ್ನು ನೋಡಲು ಹೋಗಿದ್ದೆನೋ ಅದನ್ನು ನೋಡದೆ ಇದ್ದವರು ಇಡೀ ಹುಕ್ಕೇರಿಯಲ್ಲಿ ಇಬ್ಬರೇ. ಅವರಲ್ಲಿ ಒಬ್ಬಳು ನಾನು.

ಸವಿತಾಳನ್ನು ಅತ್ತೆ ಕೈಹಿಡಿದು ಅವಳ ತಾಯಿಯ ಹತ್ತಿರ ಕರೆತಂದರು. ಹುಡುಗಿಯ ಬಾಯಿ ತುಂಬ ಕರದಂಟು, ಅಳಲು ಜಾಗವಿರಲಿಲ್ಲ. ಶಾಂತಕ್ಕ ಸೋಸಿದ ಮೆಂತೆಯಲ್ಲಿ ಅರ್ಧ ನನ್ನ ಸೆರಗಿಗೆ ಸುರಿದಳು. ಒಡೆದ ಬಳೆಗಳಿಗೆ ಬದಲು ತನ್ನ ಕೈಯಿಂದಲೇ ಎರಡು ಬಿಚ್ಚಿ ತೊಡಿಸಿದಳು.

ಮರಳಿ ಬರುವಾಗ ಸರ್‌ಗೆ ಕೇಳಿ ನೀಲಾಳನ್ನು ನಮ್ಮ ಗಾಡಿಯಲ್ಲೇ ಕರೆತಂದೆವು. ದಾರಿಯುದ್ದಕ್ಕೂ ಅದೇ ಮಾತು. ಓಣಿಯ ಹೆಂಗಸೊಬ್ಬಳ ಪ್ರಕಾರ ನೀಲಾ ಎಡಕ್ಕೆ ಹಾರಿದಳು. ಇನ್ನೊಬ್ಬಳ ಪ್ರಕಾರ ಬಲಕ್ಕೆ. ಅತ್ತೆಯ ಪ್ರಕಾರ ಮೊದಲು ಎಡಕ್ಕೆ ಹಾರಿ, ಚೆಂಡು ಬಲಕ್ಕೆ ಹೊರಟದ್ದನ್ನು ಕಂಡು ನಡುವೆ ತಿರುಗಿದಳು. ನಾನು ಎಲ್ಲರಿಗೂ ಹೂಂ ಹೂಂ ಎಂದೆ. ಕೊನೆಗೆ ತಡೆಯಲಾಗದೆ ಮಗಳ ಕಿವಿಯಲ್ಲಿ ನನ್ನ ದನಿಗೆ ಸಾಧ್ಯವಾದಷ್ಟು ಮೆಲ್ಲಗೆ ಕೇಳಿದೆ.

“ಹೆಂಗ ಹಿಡದೆವ್ವಾ? ಖರೆ ಹೇಳತೀನಿ, ನಾ ಕಣ್ಣ ಮುಚ್ಚಿದ್ದೆ.”

ಅವಳು ಅಣ್ಣ ಕೂತಿದ್ದ ಮುಂದಿನ ಸೀಟಿನ ಕಡೆ ನೋಡಿ, ನನ್ನ ಸೆರಗಿನಲ್ಲಿ ಮುಖ ಮರೆಮಾಡಿಕೊಂಡು ಹೇಳಿದಳು.

“ನಾನೂ ಮುಚ್ಚಿದ್ದೆ ಅವ್ವಾ. ಅದಽ ಬಂದು ಹೊಟ್ಟಿಗಿ ಬಡೀತು. ನಾ ಬಿದ್ದೆ. ಕಣ್ಣ ತಗದು ನೋಡಿದ್ರ ಚೆಂಡು ನನ್ನ ಕೈಯಾಗಽ ಇತ್ತು.”

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಮೆಂತೆಯ ಎಲೆಗಳು ಗಾಡಿಯೆಲ್ಲ ಚೆಲ್ಲಿದವು. ಅಷ್ಟರಲ್ಲಿ ಘೋಡಗೇರಿ ಬಂತು. ಅಣ್ಣ ಇಳಿದು, ಕಿಟಕಿಯೊಳಗೆ ಕೈ ಹಾಕಿ ಸೊಸೆಯ ತಲೆ ಸವರಿದ. ಇಳಿದು ನಿಂತ ಐದು ಮಂದಿಗೂ ಕೇಳುವಂತೆ ಹೇಳಿದ:

“ಎಂಥಾ ಕಣ್ಣವ್ವಾ ನಿನ್ನವು! ನಾ ಆ ತುದೀಲಿಂದ ನೋಡೀನಿ. ಚೆಂಡು ಬಂದು ಮುಟ್ಟೂತನಕಾ ರೆಪ್ಪಿ ಬಡೀಲಿಲ್ಲ.”

“ಹೌದು ಮಾಮಾ,” ಅಂದಳು ನೀಲಾ, ಬಹಳ ಗಂಭೀರವಾಗಿ.

ಅದು ಸುಳ್ಳೇನೂ ಅಲ್ಲ. ಮುಚ್ಚಿದ ರೆಪ್ಪೆ ಬಡಿಯುವುದಾದರೂ ಹೇಗೆ?